ಒಡೆದ ಕಂಡೆನ್ಸರ್ ಮತ್ತು ಅಗ್ಗದ ಗಾಜಿನ ಪ್ರಶ್ನೆ: ಒಂದು ಪ್ರಕರಣ ಅಧ್ಯಯನ

ಹವ್ಯಾಸಕ್ಕೆಂದು ರಸಾಯನಶಾಸ್ತ್ರದ ಪ್ರಯೋಗ ಮಾಡಿ ವಿಡಿಯೋ ಹಾಕುವವರ ನಡುವೆ ಒಂದು ಮಾತು ಪದೇ ಪದೇ ಬರುತ್ತದೆ: "ಅಗ್ಗದ ಗಾಜು ತಗೋಬೇಡಿ." ಅದಕ್ಕೆ ಎದುರಾಗಿ ಇನ್ನೊಂದು ಮಾತೂ ಇದೆ: "ನಾನು ವರ್ಷಗಟ್ಟಲೆ ಅದನ್ನೇ ಬಳಸ್ತಿದ್ದೀನಿ, ಏನೂ ಆಗಿಲ್ಲ." ಎರಡೂ ಅನುಭವದಿಂದ ಬಂದ ಮಾತು. ಎರಡರಲ್ಲೂ ಸುಳ್ಳಿಲ್ಲ. ಆದರೆ ಈ ಎರಡನ್ನೂ ಕೇಳಿದ ಹೊಸಬರು ಏನು ಮಾಡಬೇಕು?

ಕ್ಯಾಮೆರಾ ಮುಂದೆಯೇ ಒಡೆದ ಒಂದು ಕಂಡೆನ್ಸರ್ (ಆವಿಯನ್ನು ತಣಿಸಿ ದ್ರವ ಮಾಡುವ ಗಾಜಿನ ಕೊಳವೆ) ಈ ಪ್ರಶ್ನೆಗೆ ಬೇಕಾದಷ್ಟು ವಿಷಯ ಕೊಟ್ಟಿತು. ಅದು ಯಾಕೆ ಒಡೆಯಿತು ಎಂದು ಹುಡುಕುತ್ತಾ ಹೋದಾಗ ಗಾಜಿನ ಬಗ್ಗೆಯೂ ವಿಡಿಯೋಗಳ ಬಗ್ಗೆಯೂ ಕೆಲವು ಸಂಗತಿ ಸ್ಪಷ್ಟವಾದವು. ಅವನ್ನು ಪೂರ್ತಿಯಾಗಿ ಬರೆದಿಡುತ್ತಿದ್ದೇನೆ.

ಏನಾಯಿತು

ನನ್ನ ಗೆಳೆಯನೊಬ್ಬ ಕಾಲೇಜಿನಲ್ಲಿ ರಸಾಯನಶಾಸ್ತ್ರ ಓದಿದವನು. ಈಗಿನ ಉದ್ಯೋಗಕ್ಕೂ ಅದಕ್ಕೂ ಸಂಬಂಧವಿಲ್ಲ. ನೈಲ್‌ರೆಡ್, ನರ್ಡ್‌ರೇಜ್ ತರಹದ ಚಾನೆಲ್‌ಗಳನ್ನು ನೋಡಿ ಅವನಿಗೂ ಆಸೆ ಹುಟ್ಟಿತು. ಬಿಡುವಿನಲ್ಲಿ ಪ್ರಯೋಗ ಮಾಡಿ ವಿಡಿಯೋ ಹಾಕುತ್ತಾನೆ. ಅವನ ಹತ್ತಿರ ಇದ್ದದ್ದು ಫೋಮ್ ಹಾಸಿದ ಪೆಟ್ಟಿಗೆಯಲ್ಲಿ ಬರುವ ಅಗ್ಗದ ಗಾಜಿನ ಸೆಟ್. ಅದರಲ್ಲಿ ದುಂಡು ತಳದ ಫ್ಲಾಸ್ಕ್‌ಗಳು, ಒಂದು ಲೀಬಿಗ್ ಕಂಡೆನ್ಸರ್, ಒಳಕೊಳವೆ ಗುಳ್ಳೆ ಗುಳ್ಳೆಯಾಗಿರುವ ಆಲಿನ್ ಕಂಡೆನ್ಸರ್, ಆವಿಯನ್ನು ಕಂಡೆನ್ಸರಿನ ಕಡೆ ತಿರುಗಿಸುವ ಸ್ಟಿಲ್ ಹೆಡ್, ಅಡಾಪ್ಟರ್, ಬೇರ್ಪಡಿಸುವ ಆಲಿಕೆ ಎಲ್ಲ ಇದ್ದವು. ಜಾಯಿಂಟುಗಳೆಲ್ಲ 24/29 ಅಳತೆಯವು (ಅಗಲ 24, ಉದ್ದ 29 ಮಿಲಿಮೀಟರ್). ಪ್ರತಿ ತುಂಡಿನ ಮೇಲೂ "ಬೋರೋ 3.3" ಎಂಬ ಬಿಳಿ ಅಚ್ಚು, ಅಂದರೆ ಬಿಸಿ ತಾಳುವ ಬೋರೋಸಿಲಿಕೇಟ್ ಗಾಜು ಎಂಬ ಗುರುತು.

ಆ ದಿನ ಮಾಡುತ್ತಿದ್ದದ್ದು ಐಸೊಅಮೈಲ್ ಅಸಿಟೇಟ್. ಬಾಳೆಹಣ್ಣಿನ ವಾಸನೆಯ ಎಸ್ಟರ್ ಅದು. ಕಾಲೇಜು ಲ್ಯಾಬುಗಳಲ್ಲಿ ಸಾಮಾನ್ಯವಾಗಿ ಮಾಡಿಸುವ ಪ್ರಯೋಗ. ಐಸೊಅಮೈಲ್ ಆಲ್ಕೊಹಾಲ್, ಅಸಿಟಿಕ್ ಆಮ್ಲ, ಸ್ವಲ್ಪ ಸಲ್ಫ್ಯೂರಿಕ್ ಆಮ್ಲ ಸೇರಿಸಿ, ಕಂಡೆನ್ಸರನ್ನು ಫ್ಲಾಸ್ಕಿನ ನೆತ್ತಿಗೆ ನೆಟ್ಟಗೆ ಕೂರಿಸಿ ಕುದಿಸುತ್ತಾರೆ. ಆವಿ ಮೇಲೇರಿ ತಣಿದು ಮತ್ತೆ ಕೆಳಗೇ ಬೀಳುತ್ತದೆ. ಆಮೇಲೆ ಆಮ್ಲವನ್ನು ತೊಳೆದು, ನೀರಿನಂಶ ತೆಗೆದು, ಕೊನೆಗೆ ಎಸ್ಟರನ್ನು ಭಟ್ಟಿ ಇಳಿಸುತ್ತಾರೆ. ಕುದಿಸುವ ಹಂತ ಸುಸೂತ್ರವಾಗಿ ಮುಗಿಯಿತು. ಒಡೆದದ್ದು ಭಟ್ಟಿ ಇಳಿಸುವಾಗ. ಬಳಸಿದ್ದು ಅದೇ ಲೀಬಿಗ್ ಕಂಡೆನ್ಸರನ್ನೇ, ಈ ಸಲ ಓರೆಯಾಗಿ ಇಟ್ಟು.

ಐಸೊಅಮೈಲ್ ಅಸಿಟೇಟ್ ಕುದಿಯುವುದು 142 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಥರ್ಮಾಮೀಟರ್ ಆ ಕಡೆಗೆ ಏರುತ್ತಿತ್ತು, ಮೊದಲ ಹನಿಗಳು ಬಂದಿದ್ದವು. ಆಗ ಒಂದು ಸಣ್ಣ "ಟಿಕ್" ಸದ್ದು. ವಿಡಿಯೋದಲ್ಲಿ ಅದು ಕೇಳುತ್ತದೆ. ನೋಡನೋಡುತ್ತಲೇ ಹನಿಗಳು ಬೀಳುವ ಕೆಳಗಿನ ಫ್ಲಾಸ್ಕಿನಲ್ಲಿ ದ್ರವ ಬೇಗ ಬೇಗ ತುಂಬತೊಡಗಿತು, ಎರಡು ಪದರವಾಯಿತು. ತಣಿಸುವ ನೀರು ಒಳಕೊಳವೆಗೆ ನುಗ್ಗಿತ್ತು. ಗೆಳೆಯ ಹೀಟಿಂಗ್ ಮ್ಯಾಂಟಲ್ ಆರಿಸಿ, ನೀರು ನಿಲ್ಲಿಸಿ, ದೂರ ಸರಿದ. ಕನ್ನಡಕ ಹಾಕಿದ್ದ, ಬೆಂಕಿಯ ಬದಲು ವಿದ್ಯುತ್ ಬಿಸಿ ಬಳಸಿದ್ದ. ಯಾರಿಗೂ ಏನೂ ಆಗಲಿಲ್ಲ.

ಆದರೆ ಇಲ್ಲಿ ಗಮನಿಸಬೇಕಾದ ಒಂದು ವಿಷಯವಿದೆ. ಅದೇ ಕಂಡೆನ್ಸರ್ ಅದಕ್ಕೆ ಸ್ವಲ್ಪ ಮುಂಚೆ ಫ್ಲಾಸ್ಕಿನ ತಲೆಯ ಮೇಲೆ ನೆಟ್ಟಗೆ ನಿಂತಿತ್ತು. ಕೆಳಗೆ ಕುದಿಯುವ ಆಮ್ಲವಿತ್ತು. ಬಿರುಕು ಆಗ ಬಿಟ್ಟಿದ್ದರೆ ತಣ್ಣೀರು ನೇರವಾಗಿ ಸಲ್ಫ್ಯೂರಿಕ್ ಆಮ್ಲ ಬೆರೆತ ಬಿಸಿ ದ್ರವದ ಮೇಲೆ ಸುರಿಯುತ್ತಿತ್ತು. ಆ ದ್ರವ ಹೊತ್ತಿಕೊಳ್ಳುವಂಥದ್ದೂ ಹೌದು. ಭಟ್ಟಿ ಇಳಿಸುವಾಗ ಕಂಡೆನ್ಸರ್ ಕೆಳಕ್ಕೆ ವಾಲಿಕೊಂಡಿತ್ತು, ಹಾಗಾಗಿ ನೀರೂ ಕೆಳಗಿನ ಫ್ಲಾಸ್ಕಿನ ಕಡೆಗೆ ಹರಿಯಿತು. ಒಂದೇ ತುಂಡು, ಒಂದೇ ದೋಷ. ಇಟ್ಟ ರೀತಿ ಬೇರೆಯಾದ್ದರಿಂದ ಪರಿಣಾಮವೂ ಬೇರೆಯಾಯಿತು. ಗಾಜಿನ ಗುಣಮಟ್ಟ ಎಂದರೆ ಬರೀ ಹಣ ಉಳಿಸುವ ವಿಚಾರ ಅಂದುಕೊಂಡವರು ಈ ಒಂದು ಸಂಗತಿಯನ್ನು ಯೋಚಿಸಿ ನೋಡಬೇಕು.

ಮೊದಲ ತೀರ್ಮಾನ

ಗೆಳೆಯನಿಗೆ ಆ ಕ್ಷಣಕ್ಕೆ ಅನ್ನಿಸಿದ್ದು ಎಲ್ಲರಿಗೂ ಅನ್ನಿಸುವಂಥದ್ದೇ. "ಬೋರೋಸಿಲಿಕೇಟ್ ಅಂತ ಸುಳ್ಳು ಹೇಳಿ ಮಾಮೂಲಿ ಗಾಜು ಕೊಟ್ಟಿದ್ದಾರೆ. ಇದನ್ನೇ ವಿಡಿಯೋ ಮಾಡ್ತೀನಿ" ಎಂದು ಫೋನ್ ಮಾಡಿದ. ತುಣುಕು ಅವನ ಹತ್ತಿರ ಇತ್ತು, ಸದ್ದೂ ಇತ್ತು, ಒಡೆದ ಗಾಜೂ ಇತ್ತು. ನೋಡುವವರನ್ನು ಹಿಡಿದಿಡುವ ವಿಡಿಯೋ ಆಗುತ್ತಿತ್ತು, ಅನುಮಾನವಿಲ್ಲ.

ನಾನು ಪ್ರಯೋಗಾಲಯದಲ್ಲಿ ಕೆಲಸ ಮಾಡುವವನು. ಗಾಜು ಒಡೆಯುವುದು ನನಗೆ ಹೊಸದಲ್ಲ. "ಚೂರುಗಳನ್ನು ಎಸೆಯಬೇಡ, ತೊಳೆಯಲೂ ಬೇಡ, ಹಾಗೇ ಒಂದು ಡಬ್ಬಿಯಲ್ಲಿ ಹಾಕಿಡು. ಪೂರ್ತಿ ರೆಕಾರ್ಡಿಂಗ್ ಕೂಡ ಅಳಿಸಬೇಡ" ಎಂದೆ. ಒಡೆದ ಗಾಜು ತನ್ನ ಕತೆಯನ್ನು ಚೆನ್ನಾಗಿಯೇ ಹೇಳುತ್ತದೆ. ಸುಮ್ನೆ ಕಸಕ್ಕೆ ಹಾಕಿದರೆ ಆ ಕತೆ ಹೋಯಿತು.

ನಮ್ಮ ಮುಂದೆ ಮೂರು ಸಾಧ್ಯತೆ ಇದ್ದವು. ಗಾಜಿನ ಜಾತಿಯೇ ಬೇರೆ ಇರಬಹುದು. ಜಾತಿ ಸರಿಯಿದ್ದು ತಯಾರಿಕೆಯಲ್ಲಿ ಕುಂದು ಇರಬಹುದು. ಅಥವಾ ಗಾಜು ಸರಿಯಾಗಿಯೇ ಇದ್ದು ಬಳಸಿದ ರೀತಿ ಅದಕ್ಕೆ ಭಾರವಾಗಿರಬಹುದು.

ಗಾಜಿನ ಜಾತಿ

ಬೋರೋಸಿಲಿಕೇಟ್ ಗಾಜನ್ನು ರೂಪಿಸಿದವರು 19ನೇ ಶತಮಾನದ ಕೊನೆಯಲ್ಲಿ ಜರ್ಮನಿಯ ಯೇನಾ ಊರಿನ ಆಟೊ ಶಾಟ್. ಅಮೆರಿಕದ ಕಾರ್ನಿಂಗ್ ಕಂಪನಿ 1915ರಲ್ಲಿ ಪೈರೆಕ್ಸ್ ಹೆಸರಿನಲ್ಲಿ ಮಾರತೊಡಗಿತು. ಮೊದಲ ಮಹಾಯುದ್ಧದಲ್ಲಿ ಜರ್ಮನಿಯ ಗಾಜು ಬರುವುದು ನಿಂತಾಗ ಬೇರೆ ದೇಶಗಳು ತಮ್ಮದೇ ಪ್ರಯೋಗಾಲಯ ಗಾಜು ಮಾಡಿಕೊಳ್ಳಬೇಕಾಯಿತು. ಇವತ್ತು ಅದರಲ್ಲಿ ಗುಟ್ಟೇನೂ ಉಳಿದಿಲ್ಲ. ನೂರಕ್ಕೆ ಸುಮಾರು 80 ಪಾಲು ಸಿಲಿಕಾ, 13 ಪಾಲು ಬೋರಾನ್ ಆಕ್ಸೈಡ್, ಉಳಿದದ್ದು ಸೋಡಿಯಂ ಮತ್ತು ಅಲ್ಯೂಮಿನಿಯಂ ಆಕ್ಸೈಡ್. ಐಎಸ್‌ಒ 3585 ಎಂಬ ಅಂತರರಾಷ್ಟ್ರೀಯ ಮಾನದಂಡ ಇದರ ಗುಣಗಳನ್ನು ನಿಗದಿ ಮಾಡುತ್ತದೆ.

ಅಚ್ಚಿನಲ್ಲಿರುವ 3.3 ಎಂದರೆ ಬಿಸಿಗೆ ಗಾಜು ಎಷ್ಟು ಹಿಗ್ಗುತ್ತದೆ ಎನ್ನುವ ಲೆಕ್ಕ. ಒಂದು ಮೀಟರ್ ಉದ್ದದ ಕೋಲನ್ನು 100 ಡಿಗ್ರಿ ಬಿಸಿ ಮಾಡಿದರೆ ಅದು 0.33 ಮಿಲಿಮೀಟರ್ ಮಾತ್ರ ಉದ್ದವಾಗುತ್ತದೆ. ಸಾಮಾನ್ಯ ಬಾಟಲಿ, ಕಿಟಕಿಗಳ ಸೋಡಾ-ಲೈಮ್ ಗಾಜು ಸುಮಾರು 0.9 ಮಿಲಿಮೀಟರ್ ಬೆಳೆಯುತ್ತದೆ. ಗಾಜಿನ ಒಂದು ಭಾಗ ಬಿಸಿ, ಪಕ್ಕದ ಭಾಗ ತಣ್ಣಗೆ ಇದ್ದಾಗ ಒಂದು ಹಿಗ್ಗಲು ನೋಡುತ್ತದೆ, ಇನ್ನೊಂದು ಬಿಡುವುದಿಲ್ಲ. ಆ ಎಳೆದಾಟವೇ ಬಿರುಕು. ಕಡಿಮೆ ಹಿಗ್ಗುವ ಗಾಜಿನಲ್ಲಿ ಎಳೆದಾಟವೂ ಕಡಿಮೆ.

ಹಾಗಾದರೆ ಇದು ನಿಜವಾಗಿ ಆ ಜಾತಿಯೇ? ಇದನ್ನು ಯಾರು ಬೇಕಾದರೂ ಪರೀಕ್ಷೆ ಮಾಡಬಹುದು. ಬೋರೋಸಿಲಿಕೇಟಿನ ವಕ್ರೀಭವನ ಸೂಚ್ಯಂಕ (ಬೆಳಕನ್ನು ಎಷ್ಟು ಬಾಗಿಸುತ್ತದೆ ಎನ್ನುವ ಲೆಕ್ಕ) ಸುಮಾರು 1.47. ಗ್ಲಿಸರಿನ್ನಿನದೂ ಅಷ್ಟೇ. ಹಾಗಾಗಿ ಈ ಗಾಜಿನ ಚೂರನ್ನು ಗ್ಲಿಸರಿನ್‌ನಲ್ಲಿ ಮುಳುಗಿಸಿದರೆ ಅದು ಕಣ್ಣಿಗೆ ಕಾಣದಂತಾಗುತ್ತದೆ. ಸೋಡಾ-ಲೈಮ್ ಗಾಜಿನದು ಸುಮಾರು 1.52, ಅದರ ಅಂಚು ಕಾಣುತ್ತಲೇ ಇರುತ್ತದೆ. ಒಡೆದ ಕಂಡೆನ್ಸರಿನ ಒಂದು ಚೂರು, ಪಕ್ಕದಲ್ಲಿ ಬಾಟಲಿಯ ಒಂದು ಚೂರು. ಕಂಡೆನ್ಸರಿನ ಚೂರು ಮಾಯವಾಯಿತು, ಬಾಟಲಿಯದು ಉಳಿಯಿತು.

ಒಂದೇ ಪರೀಕ್ಷೆ ನಂಬಬಾರದೆಂದು ಸಾಂದ್ರತೆಯನ್ನೂ ನೋಡಿದೆವು. ಚೂರನ್ನು ಮೊದಲು ಗಾಳಿಯಲ್ಲಿ ತೂಗುವುದು, ಆಮೇಲೆ ದಾರ ಕಟ್ಟಿ ನೀರಿನಲ್ಲಿ ಇಳಿಬಿಟ್ಟು ತೂಗುವುದು. ತೂಕ ಎಷ್ಟು ಇಳಿಯಿತೋ ಅಷ್ಟು ನೀರನ್ನು ಅದು ಪಕ್ಕಕ್ಕೆ ಸರಿಸಿದೆ. ಬೋರೋಸಿಲಿಕೇಟಿನ ಸಾಂದ್ರತೆ 2.23, ಸೋಡಾ-ಲೈಮಿನದು 2.5ರ ಆಸುಪಾಸು. ನಮಗೆ ಬಂದದ್ದು 2.2ರ ಹತ್ತಿರ. ಸುಳ್ಳು ಅಚ್ಚು ಎನ್ನುವ ಆರೋಪ ಅಲ್ಲಿಗೆ ನಿಂತಿತು.

ನನ್ನ ಮಟ್ಟಿಗೆ ಈ ಪ್ರಕರಣದ ಮೊದಲ ತಿರುವು ಇದು. ಅಷ್ಟು ಹೊತ್ತಿಗೆ "ಮಾಮೂಲಿ ಗಾಜು ಕೊಟ್ಟು ಮೋಸ ಮಾಡಿದರು" ಎಂಬ ವಿಡಿಯೋ ಹೊರಬಿದ್ದಿದ್ದರೆ ಅದು ತಪ್ಪು ಆರೋಪವಾಗುತ್ತಿತ್ತು. ಸಾವಿರಾರು ಜನ ಅದನ್ನೇ ನಂಬುತ್ತಿದ್ದರು. ತಪ್ಪು ಸಾಬೀತಾದ ಮೇಲೆ ಹಾಕುವ ತಿದ್ದುಪಡಿಯನ್ನು ಅಷ್ಟು ಜನ ನೋಡುವುದಿಲ್ಲ.

ಚೂರುಗಳು ಹೇಳಿದ್ದು

ಗಾಜು ಎಲ್ಲಿಂದ ಒಡೆಯಲು ಶುರುವಾಯಿತು ಎಂದು ಕಂಡುಹಿಡಿಯಬಹುದು. ಬಿರುಕು ಕವಲೊಡೆದರೆ ಕವಲುಗಳು ಮುಂದಕ್ಕೆ, ಅಂದರೆ ಹುಟ್ಟಿದ ಜಾಗದಿಂದ ಆಚೆಗೆ ಚಾಚಿಕೊಳ್ಳುತ್ತವೆ. ಅವನ್ನು ಹಿಂದಕ್ಕೆ ಹಿಂಬಾಲಿಸಿದರೆ ಮೂಲ ಸಿಗುತ್ತದೆ. ಬಿರುಕು ಹುಟ್ಟಿದ ಕಡೆ ಒಡೆದ ಮೈ ಕನ್ನಡಿಯಷ್ಟು ನುಣುಪಾಗಿರುತ್ತದೆ, ದೂರ ಹೋದಂತೆ ಒರಟಾಗುತ್ತದೆ. ಒಂದು ಭೂತಗನ್ನಡಿ ಇದ್ದರೆ ಸಾಕು.

ನಮಗೆ ಮೊದಲು ಅನುಮಾನ ಇದ್ದದ್ದು ಕ್ಲ್ಯಾಂಪಿನ ಮೇಲೆ. ಲೋಹದ ಹಿಡಿಕೆ ಬಿಗಿಯಾಗಿ ಕಚ್ಚಿ ಗೀರು ಬಿದ್ದರೆ ಅಲ್ಲಿಂದ ಗಾಜು ಒಡೆಯುವುದು ಮಾಮೂಲು. ಗಾಜಿನ ಗಟ್ಟಿತನ ತೀರ್ಮಾನವಾಗುವುದು ಅದರ ಮೈಮೇಲಿನ ಸಣ್ಣ ಸಣ್ಣ ಗೀರುಗಳಿಂದ ಎಂದು ಗ್ರಿಫಿತ್ ಎಂಬ ಇಂಗ್ಲಿಷ್ ಎಂಜಿನಿಯರ್ 1921ರಲ್ಲೇ ತೋರಿಸಿದ್ದರು. ಆದರೆ ನಮ್ಮ ಬಿರುಕು ಕ್ಲ್ಯಾಂಪ್ ಇದ್ದ ಕಡೆಯಿಂದ ಹೊರಟಿರಲಿಲ್ಲ. ಅದು ಹೊರಟದ್ದು ಮೇಲ್ತುದಿಯ ರಿಂಗ್ ಸೀಲ್‌ನಿಂದ.

ಲೀಬಿಗ್ ಕಂಡೆನ್ಸರ್ ಎಂದರೆ ಒಂದರೊಳಗೆ ಒಂದು ಇರುವ ಎರಡು ಕೊಳವೆ. ಒಳಗೆ ಆವಿ, ಹೊರಗಿನ ಕವಚದಲ್ಲಿ ನೀರು. ಎರಡು ತುದಿಯಲ್ಲೂ ಕವಚವನ್ನು ಒಳಕೊಳವೆಗೆ ಕರಗಿಸಿ ಬೆಸೆದಿರುತ್ತಾರೆ. ಆ ಬೆಸುಗೆಯ ಬಳೆಯೇ ರಿಂಗ್ ಸೀಲ್. ಭಟ್ಟಿ ಇಳಿಸುವಾಗ ಮೇಲಿನ ರಿಂಗ್ ಸೀಲಿನ ಒಂದು ಬದಿಯಲ್ಲಿ ಸುಡುವ ಆವಿ ತಾಕಿದ ಒಣ ಗಾಜು, ಕೆಲವೇ ಮಿಲಿಮೀಟರ್ ಆಚೆಗೆ ತಣ್ಣೀರು. ಇಡೀ ಸೆಟ್ಟಿನಲ್ಲಿ ಗಾಜು ಅತಿ ಜಾಸ್ತಿ ಕಷ್ಟಪಡುವ ಜಾಗ ಅದೇ. ಬಿರುಕು ಆ ಬಳೆಯ ಗುಂಟ ಅಲೆಅಲೆಯಾಗಿ, ಹೆಚ್ಚು ಕವಲಿಲ್ಲದೆ ಸುತ್ತಿತ್ತು. ಬಿಸಿ-ತಂಪಿನ ವ್ಯತ್ಯಾಸದಿಂದ ಬಿಟ್ಟ ಬಿರುಕು ಹೀಗೇ ಇರುತ್ತದೆ. ಪೆಟ್ಟು ಬಿದ್ದು ಒಡೆದಿದ್ದರೆ ಒಂದು ಬಿಂದುವಿನಿಂದ ನಕ್ಷತ್ರದಂತೆ ಸೀಳಿರುತ್ತಿತ್ತು.

ರೆಕಾರ್ಡಿಂಗ್ ಕೂಡ ಇದಕ್ಕೆ ಹೊಂದುತ್ತಿತ್ತು. ಬಿಸಿ ಮಾಡುವ ಮುಂಚೆಯೇ ನೀರು ಹರಿಯುತ್ತಿತ್ತು, ಕೆಳಗಿನಿಂದ ಮೇಲಕ್ಕೆ, ಸರಿಯಾದ ದಿಕ್ಕಿನಲ್ಲಿ. ಬಿಸಿ ಗಾಜಿಗೆ ಇದ್ದಕ್ಕಿದ್ದಂತೆ ನೀರು ಬಿಟ್ಟದ್ದಲ್ಲ. ವಿಡಿಯೋ ಮಾಡುವವರಿಗೆ ಇರುವ ಒಂದು ದೊಡ್ಡ ಅನುಕೂಲ ಇದು. ಕಾಲೇಜು ಲ್ಯಾಬಿನಲ್ಲಿ ಗಾಜು ಒಡೆದರೆ "ಏನು ಮಾಡಿದೆ?" ಎಂಬ ಪ್ರಶ್ನೆಗೆ ನೆನಪೇ ಸಾಕ್ಷಿ. ಇಲ್ಲಿ ಪ್ರತಿ ಸೆಕೆಂಡೂ ದಾಖಲಾಗಿದೆ.

ಕಣ್ಣಿಗೆ ಕಾಣದ ಕುಂದು

ಗಾಜನ್ನು ಜ್ವಾಲೆಯಲ್ಲಿ ಕರಗಿಸಿ ಬೆಸೆದಾಗ ಹೊರಗಿನ ಮೈ ಬೇಗ ತಣಿಯುತ್ತದೆ, ಒಳಗಿನದು ನಿಧಾನವಾಗಿ. ದಪ್ಪ ಭಾಗ ಒಂದು ವೇಗದಲ್ಲಿ, ತೆಳು ಭಾಗ ಇನ್ನೊಂದು ವೇಗದಲ್ಲಿ. ಎಲ್ಲ ತಣಿದ ಮೇಲೂ ಒಂದನ್ನೊಂದು ಎಳೆಯುತ್ತಲೇ ಇರುತ್ತವೆ. ಹೊರಗೆ ಏನೂ ಕಾಣುವುದಿಲ್ಲ. ಇದು ಒಳಗೇ ಉಳಿದ ಬಿಗಿತ. ಇದನ್ನು ಬಿಡಿಸಲು ತಯಾರಾದ ತುಂಡನ್ನು ಕುಲುಮೆಯಲ್ಲಿಟ್ಟು ಸುಮಾರು 560 ಡಿಗ್ರಿಗೆ ಕಾಯಿಸಿ, ಅಲ್ಲೇ ಸ್ವಲ್ಪ ಹೊತ್ತು ನಿಲ್ಲಿಸಿ, 510 ಡಿಗ್ರಿ ದಾಟುವವರೆಗೆ ನಿಧಾನವಾಗಿ ಇಳಿಸಬೇಕು. ಈ ಕೆಲಸಕ್ಕೆ ಅನೀಲಿಂಗ್ ಎನ್ನುತ್ತಾರೆ. ಅನೀಲಿಂಗ್ ಸರಿಯಾಗಿ ಆಗದ ತುಂಡು ಬಳಕೆಗೆ ಬರುವಾಗಲೇ ಅರ್ಧ ಭಾರ ಹೊತ್ತುಕೊಂಡು ಬಂದಿರುತ್ತದೆ. ಮೇಲೆ ಆವಿಯ ಬಿಸಿ ಬಿದ್ದಾಗ ಎರಡೂ ಕೂಡುತ್ತವೆ.

ಕಾಣದ ಈ ಬಿಗಿತವನ್ನು ಕಾಣಿಸುವ ಉಪಾಯ ಸರಳವಾದದ್ದು. ಎಲ್‌ಸಿಡಿ ಮಾನಿಟರಿನ ಬೆಳಕು ಮೊದಲೇ ಧ್ರುವೀಕರಣಗೊಂಡಿರುತ್ತದೆ, ಅಂದರೆ ಒಂದೇ ದಿಕ್ಕಿನಲ್ಲಿ ಕಂಪಿಸುತ್ತದೆ. ಪರದೆಯನ್ನು ಪೂರ್ತಿ ಬಿಳಿ ಮಾಡಿ, ಕ್ಯಾಮೆರಾದ ಲೆನ್ಸಿಗೆ ಪೋಲರೈಸರ್ ಫಿಲ್ಟರ್ ಹಾಕಿ, ಪರದೆ ಕಪ್ಪಾಗುವ ತನಕ ಫಿಲ್ಟರನ್ನು ತಿರುಗಿಸಬೇಕು. ಈಗ ನಡುವೆ ಗಾಜು ಹಿಡಿದರೆ, ಬಿಗಿತವಿಲ್ಲದ ಗಾಜು ಕಪ್ಪಾಗಿಯೇ ಉಳಿಯುತ್ತದೆ. ಬಿಗಿತ ಇರುವ ಜಾಗ ಬೆಳ್ಳಗೆ ಹೊಳೆಯುತ್ತದೆ, ಜಾಸ್ತಿ ಇದ್ದರೆ ಬಣ್ಣವೂ ಕಾಣುತ್ತದೆ. ತುಂಡನ್ನು ಬೇರೆ ಬೇರೆ ಕೋನಕ್ಕೆ ತಿರುಗಿಸಿ ನೋಡಬೇಕು, ಒಂದು ಕೋನದಲ್ಲಿ ಅಡಗಿದ್ದು ಇನ್ನೊಂದರಲ್ಲಿ ಕಾಣುತ್ತದೆ. ಗಾಜು ಪೂರ್ತಿ ತಣ್ಣಗಿರಬೇಕು. ಬೆಚ್ಚಗಿದ್ದರೆ ಆ ಬಿಸಿಯ ಬಿಗಿತವೇ ಹೊಳೆದು ದಾರಿ ತಪ್ಪಿಸುತ್ತದೆ.

ವಿಡಿಯೋ ಮಾಡುವವರ ಹತ್ತಿರ ಮಾನಿಟರ್, ಕ್ಯಾಮೆರಾ ಎರಡೂ ಇದ್ದೇ ಇರುತ್ತವೆ. ಫಿಲ್ಟರ್ ಕೂಡ ಬಹಳ ಜನರ ಹತ್ತಿರ ಇರುತ್ತದೆ. ಆದರೂ ಈ ಪರೀಕ್ಷೆ ಮಾಡುವವರು ಕಡಿಮೆ. ನನಗೆ ಇದು ನಿಜಕ್ಕೂ ಬೇಸರದ ಸಂಗತಿ. ನೋಡಲು ಇಷ್ಟು ಚೆಂದದ, ಕಲಿಸಲು ಇಷ್ಟು ಒಳ್ಳೆಯ ದೃಶ್ಯ ಅವರ ಮೇಜಿನ ಮೇಲೇ ಇದೆ.

ಒಡೆದ ಕಂಡೆನ್ಸರಿನ ಚೂರುಗಳಲ್ಲಿ ಅಲ್ಲಲ್ಲಿ ಬೆಳಕು ಕಂಡಿತು. ಆದರೆ ಒಡೆದಾಗ ಬಿಗಿತದ ಒಂದಷ್ಟು ಭಾಗ ಬಿಟ್ಟುಹೋಗಿರುತ್ತದೆ, ಹಾಗಾಗಿ ಅದನ್ನು ಪುರಾವೆ ಎಂದು ಹಿಡಿಯಲು ಬರುವುದಿಲ್ಲ. ಅದೇ ಸೆಟ್ಟಿನ ಒಡೆಯದ ತುಂಡುಗಳನ್ನು ಒಂದೊಂದಾಗಿ ಹಿಡಿದು ನೋಡಿದೆವು. ದುಂಡು ತಳದ ಫ್ಲಾಸ್ಕ್‌ಗಳು ಎಲ್ಲ ಕಡೆ ಕಪ್ಪು, ಅಂದರೆ ಚೆನ್ನಾಗಿವೆ. ಸ್ಟಿಲ್ ಹೆಡ್ ಪರವಾಗಿಲ್ಲ. ಆಲಿನ್ ಕಂಡೆನ್ಸರನ್ನು ಹಿಡಿದಾಗ ಇಬ್ಬರೂ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಒಂದು ತುದಿಯ ರಿಂಗ್ ಸೀಲ್ ಕಪ್ಪಾಗಿತ್ತು. ಇನ್ನೊಂದು ತುದಿಯದು ಬಳೆಯಂತೆ ಹೊಳೆಯುತ್ತಿತ್ತು.

ಒಂದೇ ತುಂಡಿನ ಎರಡು ತುದಿ. ಗಾಜು ಒಂದೇ, ಕಾರ್ಖಾನೆ ಒಂದೇ, ಬಹುಶಃ ಮಾಡಿದ ಕೈಯೂ ಒಂದೇ. ಇಡೀ ತುಂಡು ಕುಲುಮೆಯಲ್ಲಿ ಹದವಾಗಿ ಕಾದು ಇಳಿದಿದ್ದರೆ ಎರಡೂ ತುದಿ ಒಂದೇ ರೀತಿ ಇರಬೇಕಿತ್ತು. ಬೆಸೆದ ಮೇಲೆ ಜ್ವಾಲೆಯಲ್ಲೇ ಒಂದಿಷ್ಟು ಸವರಿ ಬಿಟ್ಟಿದ್ದಾರೆ, ಒಂದು ತುದಿಗೆ ಸಾಕಾಗಿದೆ, ಇನ್ನೊಂದಕ್ಕೆ ಸಾಕಾಗಿಲ್ಲ ಎಂಬುದು ನಮ್ಮ ಊಹೆ.

ಊಹೆಯನ್ನು ಊಹೆಯಾಗಿ ಬಿಡಲು ಮನಸ್ಸಾಗಲಿಲ್ಲ. ಗಾಜು ಊದುವ ಕೆಲಸ ಬಲ್ಲ ಪರಿಚಯದವರೊಬ್ಬರು ಆ ಆಲಿನ್ ಕಂಡೆನ್ಸರನ್ನು ತಮ್ಮ ಕುಲುಮೆಯಲ್ಲಿ ಅನೀಲಿಂಗ್ ಮಾಡಿಕೊಟ್ಟರು. ಹಿಂದಿರುಗಿ ಬಂದಾಗ ಎರಡೂ ತುದಿ ಕಪ್ಪು. ಗಾಜು ಬದಲಾಗಿರಲಿಲ್ಲ, ಆಕಾರ ಬದಲಾಗಿರಲಿಲ್ಲ. ಬಿಟ್ಟುಹೋಗಿದ್ದ ಒಂದು ಕೆಲಸ ಮಾಡಿದ್ದಷ್ಟೇ.

"ಬೋರೋ 3.3" ಎಂಬ ಅಚ್ಚಿಗೆ ಎಷ್ಟು ಬೆಲೆ ಕೊಡಬೇಕು ಎಂದು ಇಲ್ಲಿ ಗೊತ್ತಾಗುತ್ತದೆ. ಪ್ರಯೋಗಾಲಯದ ಗಾಜು ಮಾಡುವ ಎಷ್ಟೋ ಕಡೆ ಗಾಜನ್ನು ತಾವೇ ಕರಗಿಸಿ ತಯಾರಿಸುವುದಿಲ್ಲ. ದೊಡ್ಡ ಕಾರ್ಖಾನೆಗಳಿಂದ ಕೊಳವೆ ತಂದು, ಕತ್ತರಿಸಿ, ಊದಿ, ಬೆಸೆದು ಮಾಡುತ್ತಾರೆ. ಅಚ್ಚು ಹೇಳುವುದು ಆ ಕೊಳವೆಯ ಗುಣ. ಬೆಸುಗೆ ಹೇಗಾಯಿತು, ಕುಲುಮೆಯಲ್ಲಿ ಎಷ್ಟು ಹೊತ್ತು ಇತ್ತು, ಯಾರಾದರೂ ಬೆಳಕಿಗೆ ಹಿಡಿದು ನೋಡಿದರಾ, ಇದಾವುದನ್ನೂ ಅದು ಹೇಳುವುದಿಲ್ಲ.

ಬಳಕೆಯ ಪಾಲು

ಗಾಜಿನ ಕುಂದು ಸಿಕ್ಕಿತೆಂದು ಬಳಕೆಯನ್ನು ಬಿಟ್ಟುಬಿಡಲಾಗದು. 142 ಡಿಗ್ರಿಯ ಆವಿಯನ್ನು ನೀರು ಹರಿಯುವ ಕಂಡೆನ್ಸರಿಗೆ ಕಳಿಸುವುದು ಗಡಿಯ ಮೇಲಿನ ಕೆಲಸ. ಸುಮಾರು 140ರಿಂದ 150 ಡಿಗ್ರಿಗಿಂತ ಮೇಲೆ ಕುದಿಯುವ ದ್ರವಗಳಿಗೆ ನೀರಿಲ್ಲದ ಕಂಡೆನ್ಸರ್ ಬಳಸಿ ಎನ್ನುವುದು ಲ್ಯಾಬುಗಳಲ್ಲಿ ಹಳೆಯ ರೂಢಿ. ಅಷ್ಟು ಬಿಸಿಯ ಆವಿ ತಣಿಯಲು ಸುತ್ತಲಿನ ಗಾಳಿಯೇ ಸಾಕು. ರೂಢಿಗೆ ಕಾರಣವೂ ಇದೇ ರಿಂಗ್ ಸೀಲ್. ಒಳ್ಳೆಯ ಕಂಡೆನ್ಸರ್ ಐಸೊಅಮೈಲ್ ಅಸಿಟೇಟನ್ನು ತಾಳಿಕೊಳ್ಳುತ್ತದೆ, ಕಾಲೇಜುಗಳಲ್ಲಿ ಹಾಗೆ ಮಾಡುವುದೂ ಉಂಟು. ಆದರೆ ಅದು ತಾಳುವುದು ಅನೀಲಿಂಗ್ ಸರಿಯಾಗಿ ಆಗಿದೆ ಎಂಬ ಭರವಸೆಯ ಮೇಲೆ.

ಕುದಿಸುವ ಹಂತದಲ್ಲಿ ಯಾಕೆ ಒಡೆಯಲಿಲ್ಲ ಎನ್ನುವುದಕ್ಕೂ ಉತ್ತರ ಸಿಕ್ಕಿತು. ಆಗ ಮಿಶ್ರಣದಲ್ಲಿ ನೀರೂ ಇದ್ದುದರಿಂದ ಆವಿಯ ಬಿಸಿ ಕಡಿಮೆ ಇತ್ತು. ಅಲ್ಲದೆ ಬಿಸಿ ಆವಿ ಮೊದಲು ತಾಕಿದ್ದು ಕೆಳತುದಿಯ ರಿಂಗ್ ಸೀಲಿಗೆ. ಓರೆಯಾಗಿ ಇಟ್ಟಾಗ ಮೇಲ್ತುದಿಗೆ ತಾಕಿತು. ಒಡೆದದ್ದು ಆ ತುದಿ.

ಕಂಡೆನ್ಸರ್ ಒಡೆಯುವ ಮುಂಚೆ ಅದರ ಚಿತ್ರ ಯಾರೂ ತೆಗೆದಿರಲಿಲ್ಲ. ಹಾಗಾಗಿ ಆ ರಿಂಗ್ ಸೀಲಿನಲ್ಲಿ ಎಷ್ಟು ಬಿಗಿತ ಇತ್ತು, ಬಿಸಿಯ ಪಾಲು ಎಷ್ಟು ಎಂದು ಬಿಡಿಸಿ ಹೇಳಲು ಬರುವುದಿಲ್ಲ. ಅದೇ ಸೆಟ್ಟಿನ ಇನ್ನೊಂದು ಕಂಡೆನ್ಸರಿನಲ್ಲಿ ಕುಂದು ಇತ್ತು, ಬಿರುಕು ಹುಟ್ಟಿದ್ದು ಅಂಥದ್ದೇ ಜಾಗದಲ್ಲಿ, ಬಳಕೆ ಗಡಿಯಲ್ಲಿತ್ತು. ಈ ಮೂರು ಮಾತನ್ನು ಧೈರ್ಯವಾಗಿ ಹೇಳಬಹುದು. ಅದರಾಚೆಗೆ ಹೇಳಬಾರದು.

ಉಳಿದ ಗಾಜು

ಕೈ ಹಾಕಿದ ಮೇಲೆ ಇಡೀ ಸೆಟ್ಟನ್ನೇ ನೋಡಿದೆವು. ಜಾಯಿಂಟುಗಳು ಹತ್ತಕ್ಕೆ ಒಂದರ ಓರೆಯಲ್ಲಿ ಇರಬೇಕು. ಗಂಡು ಜಾಯಿಂಟಿನ ಉದ್ದಕ್ಕೆ ಮಾರ್ಕರ್ ಪೆನ್ನಿನಿಂದ ಗೆರೆ ಎಳೆದು, ಹೆಣ್ಣು ಜಾಯಿಂಟಿನೊಳಗೆ ಮೆಲ್ಲಗೆ ತಿರುಗಿಸಿ ತೆಗೆದರೆ ಎಲ್ಲಿ ತಾಕುತ್ತದೆಯೋ ಅಲ್ಲಿ ಗೆರೆ ಅಳಿಸಿರುತ್ತದೆ. ಒಂದು ಅಡಾಪ್ಟರ್ ಮೇಲಿನ ಅಂಚಿನಲ್ಲಿ ಮಾತ್ರ ತಾಕುತ್ತಿತ್ತು. ಮಾಮೂಲಿ ಕೆಲಸಕ್ಕೆ ಗ್ರೀಸ್ ಹಚ್ಚಿ ನಡೆಸಬಹುದು, ಒಳಗಿನ ಗಾಳಿ ತೆಗೆದು ಮಾಡುವ ನಿರ್ವಾತದ ಕೆಲಸಕ್ಕೆ ಆಗದು.

ಅಳತೆಯ ಫ್ಲಾಸ್ಕ್ 100 ಮಿಲಿಲೀಟರಿನದು. 20 ಡಿಗ್ರಿಯ ಶುದ್ಧ ನೀರನ್ನು ಗೆರೆಯವರೆಗೆ ತುಂಬಿ ತೂಗಿದರೆ 99.72 ಗ್ರಾಂ ಬರಬೇಕು. ಎ ದರ್ಜೆಯ, ಅಂದರೆ ಹೆಚ್ಚು ನಿಖರವಾದ ಫ್ಲಾಸ್ಕಿಗೆ 0.1 ಮಿಲಿಲೀಟರ್ ಆಚೀಚೆ ಒಪ್ಪಿಗೆ. ಇದು ಆ ಗಡಿಯೊಳಗೇ ಇತ್ತು. ಟೈಟ್ರೇಷನ್ (ದ್ರವವನ್ನು ನಿಖರವಾಗಿ ಅಳೆದು ಸೇರಿಸಿ ಪ್ರಮಾಣ ಕಂಡುಹಿಡಿಯುವುದು) ಮಾಡದವರಿಗೆ ಇದು ದೊಡ್ಡ ವಿಷಯವೂ ಅಲ್ಲ.

ನಿರ್ವಾತದ ಬಗ್ಗೆ ಮಾತ್ರ ಒತ್ತಿ ಹೇಳಬೇಕು. ಒಂದು ಲೀಟರಿನ ದುಂಡು ಫ್ಲಾಸ್ಕಿನ ಗಾಳಿ ತೆಗೆದರೆ ಅದರ ಇಡೀ ಮೈಮೇಲೆ ಹೊರಗಿನ ಗಾಳಿ ಒತ್ತುವ ಭಾರ ಒಟ್ಟು ಸುಮಾರು ಅರ್ಧ ಟನ್. ನಕ್ಷತ್ರದ ಆಕಾರದ ಸಣ್ಣ ಪೆಟ್ಟಿನ ಗುರುತು ಅಥವಾ ಕರಗದೆ ಉಳಿದ ಕಲ್ಲಿನ ಕಣ ಕಂಡರೆ ಆ ಫ್ಲಾಸ್ಕಿಗೆ ನಿರ್ವಾತವೂ ಬೇಡ, ಬಿಸಿಯೂ ಬೇಡ. ಗಾಜಿನೊಳಗೆ ಹೂತುಹೋದ ಸಣ್ಣ ಗಾಳಿಗುಳ್ಳೆ ಅಷ್ಟು ಕೆಟ್ಟದ್ದಲ್ಲ, ಕಲ್ಲು ಕೆಟ್ಟದ್ದು. ಅದು ಗಾಜಿನಷ್ಟೇ ಹಿಗ್ಗುವುದಿಲ್ಲ. ತೆಳು ಗಾಜಿನ ಚಪ್ಪಟೆ ತಳದ ಫ್ಲಾಸ್ಕಿಗೆ, ಎಷ್ಟೇ ಒಳ್ಳೆಯದಿದ್ದರೂ, ನಿರ್ವಾತ ಕೊಡಲೇಬಾರದು.

ಮಾರಿದವರ ಉತ್ತರ, ಮತ್ತು ವಿಡಿಯೋ

ಗೆಳೆಯ ಚಿತ್ರಗಳ ಸಮೇತ ಮಾರಿದವರಿಗೆ ಬರೆದ. ಅವರು ವಾದ ಮಾಡದೆ ಬೇರೆ ಲೀಬಿಗ್ ಕಂಡೆನ್ಸರ್ ಕಳಿಸಿದರು. ಬಂದ ಕೂಡಲೇ ಪರದೆಯ ಮುಂದೆ ಹಿಡಿದ. ಎರಡೂ ತುದಿ ಕಪ್ಪು. ಅದೇ ಅಚ್ಚು, ಅದೇ ಪೆಟ್ಟಿಗೆ, ಅದೇ ಜಾಗದಿಂದ ಬಂದದ್ದು. ಈ ಸಲ ಕುಂದಿಲ್ಲ.

ಇಡೀ ಪ್ರಕರಣದಲ್ಲಿ ನಾನು ಹೇಳಬೇಕೆಂದಿರುವುದು ಇದನ್ನೇ. ಅಗ್ಗದ ಗಾಜು ಕೆಟ್ಟದ್ದು ಎನ್ನುವುದೂ ಸರಿಯಲ್ಲ, ಒಳ್ಳೆಯದು ಎನ್ನುವುದೂ ಸರಿಯಲ್ಲ. ಅದು ತುಂಡಿನಿಂದ ತುಂಡಿಗೆ ಬೇರೆ. ಅನ್ನ ಬೆಂದಿದೆಯೇ ಎಂದು ತಿಳಿಯಲು ಒಂದು ಅಗುಳು ಹಿಸುಕಿದರೆ ಸಾಕು, ಯಾಕೆಂದರೆ ಎಲ್ಲ ಅಗುಳೂ ಒಂದೇ ಪಾತ್ರೆಯಲ್ಲಿ ಬೆಂದಿವೆ. ಈ ಗಾಜಿಗೆ ಆ ಲೆಕ್ಕ ನಡೆಯುವುದಿಲ್ಲ. ದುಬಾರಿ ಗಾಜಿಗೆ ಕೊಡುವ ಹೆಚ್ಚಿನ ಹಣದ ಒಂದು ಪಾಲು ಹೋಗುವುದು ಪ್ರತಿ ತುಂಡನ್ನೂ ಬೆಳಕಿಗೆ ಹಿಡಿದು, ಕೆಟ್ಟದ್ದನ್ನು ತೆಗೆದು ಪಕ್ಕಕ್ಕಿಡುವ ಕೆಲಸಕ್ಕೆ. ಅಗ್ಗದ್ದು ಕೊಂಡರೆ ಆ ಕೆಲಸ ನಮ್ಮ ಮೇಲೆ ಬೀಳುತ್ತದೆ. ಮಾಡಿಕೊಂಡರೆ ಅಗ್ಗದ ಗಾಜು ಒಳ್ಳೆಯ ಆಯ್ಕೆಯೇ. ಮಾಡದೆ ಬಳಸಿದರೆ ಅದೃಷ್ಟದ ಮೇಲೆ ನಿಂತಂತೆ.

ಹಾಗಾಗಿ "ನನ್ನದು ಒಡೆಯಿತು" ಎಂಬ ವಿಡಿಯೋ ನೋಡುವವನ ಗಾಜಿನ ಬಗ್ಗೆ ಏನನ್ನೂ ಹೇಳುವುದಿಲ್ಲ. "ನನ್ನದು ಚೆನ್ನಾಗಿದೆ" ಎಂಬುದೂ ಅಷ್ಟೇ. ಜೊತೆಗೆ ಒಡೆದದ್ದು ವಿಡಿಯೋ ಆಗುತ್ತದೆ, ಒಡೆಯದೆ ವರ್ಷಗಟ್ಟಲೆ ದುಡಿದದ್ದು ಆಗುವುದಿಲ್ಲ. ಇನ್ನು ಕಂಪನಿಯವರು ಉಚಿತವಾಗಿ ಕಳಿಸಿದ ಗಾಜಿನ ವಿಮರ್ಶೆ ಮಾಡುವುದಂತೂ ನನಗೆ ಒಪ್ಪಿಗೆಯಿಲ್ಲ. ಕಳಿಸುವವರು ಆರಿಸಿ ಕಳಿಸಿದ್ದಾರೋ ಇಲ್ಲವೋ ತಿಳಿಯುವ ದಾರಿಯಿಲ್ಲ ಅಲ್ವಾ? ಗುಣಮಟ್ಟವೆಲ್ಲ ಏರುಪೇರಿನಲ್ಲೇ ಇರುವ ಸರಕಿಗೆ ಆರಿಸಿದ ಒಂದು ತುಂಡಿನ ವಿಮರ್ಶೆ ಯಾವ ಕೆಲಸಕ್ಕೂ ಬಾರದು. ಮಾಡಲೇಬೇಕೆಂದರೆ ಉಚಿತವಾಗಿ ಬಂದದ್ದು ಎಂದು ಮೊದಲ ಮಾತಿನಲ್ಲೇ ಹೇಳಲಿ, ಸಾಮಾನ್ಯ ಗ್ರಾಹಕನಂತೆ ಇನ್ನೊಂದನ್ನು ಕೊಂಡು ಪಕ್ಕದಲ್ಲಿಟ್ಟು ತೋರಿಸಲಿ.

ಗೆಳೆಯನ ವಿಡಿಯೋ ಬೇರೆಯದೇ ಆಯಿತು. ಒಡೆಯುವ ದೃಶ್ಯ ಅದರಲ್ಲಿದೆ. ಅದಾದ ಮೇಲೆ ಗ್ಲಿಸರಿನ್, ಚೂರುಗಳು, ಕಪ್ಪು ಪರದೆಯ ಮೇಲೆ ಹೊಳೆಯುವ ಬಳೆ, ಕುಲುಮೆಯಿಂದ ಬಂದ ಮೇಲೆ ಅದೇ ಬಳೆ ಕಪ್ಪಾದದ್ದು. ಕಂಪನಿಯ ಹೆಸರು ಹೇಳಲಿಲ್ಲ. ಹೇಳಬೇಕಿತ್ತು ಎಂದವರೂ ಇದ್ದಾರೆ. ನನ್ನ ಪ್ರಕಾರ ಅವನು ಮಾಡಿದ್ದೇ ಸರಿ. ಒಂದು ಸೆಟ್ ಮತ್ತು ಒಂದು ಬದಲಿ ತುಂಡು ಇಟ್ಟುಕೊಂಡು ಯಾರ ಹೆಸರನ್ನೂ ಕೆಡಿಸಲು ಬರುವುದಿಲ್ಲ, ಹೊಗಳಲೂ ಬರುವುದಿಲ್ಲ.

ಈಗ ಅವನ ಹತ್ತಿರ ಬರುವ ಪ್ರತಿ ಗಾಜಿನ ತುಂಡೂ ಮೊದಲು ಮಾನಿಟರಿನ ಮುಂದೆ ನಿಲ್ಲುತ್ತದೆ. ರಿಂಗ್ ಸೀಲ್ ಇದ್ದರೆ ಎರಡೂ ತುದಿಯ ಚಿತ್ರ ತೆಗೆದು ದಿನಾಂಕ ಹಾಕಿಡುತ್ತಾನೆ. 140 ಡಿಗ್ರಿ ದಾಟುವ ಕೆಲಸಕ್ಕೆ ಬೇರೆ, ನೀರಿಲ್ಲದ ಏರ್ ಕಂಡೆನ್ಸರ್ ಇಟ್ಟಿದ್ದಾನೆ. ಮುಂದೆ ಏನಾದರೂ ಒಡೆದರೆ, ಒಡೆಯುವ ಮುಂಚೆ ಅದು ಹೇಗಿತ್ತು ಎಂಬ ಚಿತ್ರ ಈ ಸಲ ಕೈಯಲ್ಲಿರುತ್ತದೆ.